ಅಜ್ಜನ ಎಮ್ಮೆ ಮತ್ತು ಚೀನಾದ ನಾಟಕಕಾರ

ಬೆಳಿಗ್ಗೆ ಎದ್ದು ನೋಡಿದರೆ ಅಬುಧಾಬಿಯ ನಮ್ಮ ಮನೆಯ ಎದುರಿನ ವಿಲ್ಲಾವೇ ಕಾಣಿಸದು, ಬರೀ ಮಂಜು. ನನ್ನ ಹೆಂಡತಿ ನಳಿನಿ ಆಗಲೇ ಕಾರಿನಲ್ಲಿ ದುಬೈಗೆ ಹೊರಟಾಗಿದೆ. ಮರುಭೂಮಿಯಲ್ಲಿ ಮಂಜೇ ಎಂದು ನಗಬೇಡಿ. ಚಳಿಗಾಲದ ಒಂದು ಮುಂಜಾನೆ ಅಬುಧಾಬಿ ರಸ್ತೆಯಲ್ಲಿ ಕಾರು ಓಡಿಸಿ ನೋಡಿ, ಆಮೇಲೆ ನಗಿ. ನಾನಂತೂ ಮಂಜು ಕಂಡರೆ ಹಳೆಯ ಕಾಲದ ಒಬ್ಬ ಚೀನೀ ನಾಟಕಕಾರ ನೆನಪಾಗಿ ಫೋನನ್ನೇ ನೋಡುತ್ತ ಕೂರುತ್ತೇನೆ.

ಕೆಲವು ವರ್ಷಗಳ ಹಿಂದೆ ದುಬೈನ ಕರಾಮದ ನಮ್ಮ ಹವ್ಯಾಸಿ ತಂಡ ಅವನ ನಾಟಕವೊಂದನ್ನು ಕನ್ನಡದಲ್ಲಿ ಆಡಲು ಹೊರಟಿತ್ತು. ಮಂಗೋಲರ ಆಳ್ವಿಕೆಯ ಕಾಲದವನು. ತಾನೇ ಬಣ್ಣ ಹಚ್ಚಿ ರಂಗಕ್ಕಿಳಿಯುತ್ತಿದ್ದನಂತೆ. ದಿಕ್ಕಿಲ್ಲದ ಹೆಂಗಸರ ಗೋಳನ್ನು ಹಾಡಾಗಿಸಿದವನು. ಅವನ ನಾಟಕಗಳಲ್ಲಿ ಯಾರೇ ರಂಗಕ್ಕೆ ಬರಲಿ, ಮೊದಲು ಹೆಸರು, ಊರು, ಬಂದ ಕಾರಣ ಹೇಳಬೇಕು, ನಮ್ಮ ಯಕ್ಷಗಾನದ ಹಾಗೆಯೇ. ತಮಾಷೆಯೆಂದರೆ ಅವನದೇ ಹುಟ್ಟು ಸಾವು ಯಾರಿಗೂ ಸರಿಯಾಗಿ ಗೊತ್ತಿಲ್ಲ.

ನಿರ್ದೇಶಕನೆಂಬ ಗತ್ತಿನಲ್ಲಿ ನಾನು ಆ ಪರಿಚಯದ ಮಾತುಗಳನ್ನೆಲ್ಲ ಕತ್ತರಿಸಿದೆ. ಸಭೆಯಲ್ಲಿ ಕೂರುವವರೆಲ್ಲ ನಮ್ಮವರೇ, ಯಾರ ಮನೆಯಲ್ಲಿ ಇವತ್ತು ಯಾವ ಮೀನು ಎಂಬುದನ್ನೂ ಬಲ್ಲವರು, ಅವರಿಗೆಂಥ ಪರಿಚಯ? ಮಾವನ ಪಾತ್ರದ ಶೇಖರಣ್ಣ ಊರಲ್ಲಿ ತಾಳಮದ್ದಳೆಯ ಅರ್ಥಧಾರಿಯಾಗಿದ್ದವರು, ಬಾಯಿಪಾಠವಿಲ್ಲದೆ ಗಂಟೆಗಟ್ಟಲೆ ಮಾತಾಡಬಲ್ಲವರು, ಮುಖ ಊದಿಸಿಕೊಂಡರು. "ಹೆಸರು ಹೇಳದೆ ಒಳಗೆ ಬರ್ಲಿಕ್ಕೆ ನಾವೆಂತ ಕಳ್ಳರಾ ಮಾರಾಯ್ರೆ?"

ನಾಟಕ ಶುಕ್ರವಾರ ಬೆಳಿಗ್ಗೆ. ನಾನು ಹಿಂದಿನ ದಿನವೇ ಕರಾಮಕ್ಕೆ ಬಂದಿದ್ದೆ. ಸೊಸೆಯ ಪಾತ್ರದ ನಳಿನಿ ಅಬುಧಾಬಿಯ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಒಬ್ಬಳೇ ಬರಬೇಕು. ಆವತ್ತೂ ಇದೇ ಮಂಜು. ಅವಳ ಫೋನ್ ಸ್ವಿಚ್ ಆಫ್. ದಾರಿಯಲ್ಲಿ ಕಾರುಗಳು ಒಂದಕ್ಕೊಂದು ಗುದ್ದಿವೆಯಂತೆ ಎಂದು ಯಾರೋ ಅಂದರು. ನಾನು ಮತ್ತೆ ಮತ್ತೆ ಅವಳ ನಂಬರು ಒತ್ತಿದೆ. ದೇವರೇ, ನಾಟಕ ಹಾಳಾಗಿ ಹೋಗಲಿ, ಅವಳೊಬ್ಬಳು ಬರಲಿ.

"ನಾನು ಹೆಸರು ಹೇಳ್ತಾ ಇರ್ತೇನೆ, ನೀವು ಬಾಗಿಲು ನೋಡಿ," ಎಂದು ಶೇಖರಣ್ಣ ಅವಳು ಬರುವವರೆಗೆ ಹೊತ್ತು ತಳ್ಳಲು ರಂಗಕ್ಕೆ ಹೋದರು. ಹೆಸರು ಹೇಳಿದರು, ಊರು ಹೇಳಿದರು, ಅಜ್ಜನ ಊರು ಹೇಳಿದರು, ಅಜ್ಜನ ಎಮ್ಮೆಯ ಹಟಮಾರಿತನವನ್ನು ಬಣ್ಣಿಸಿದರು. ಚೀನಾದ ಆ ಎಮ್ಮೆಗೆ ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಬಾಗಿಲಲ್ಲಿ ಬೆವರುತ್ತಿದ್ದೆ.

ಕೊನೆಗೂ ನಳಿನಿ ಬಂದಳು. ಬಣ್ಣವಿಲ್ಲದ ಮುಖ, ನರ್ಸ್ ಅಂಗಿಯ ಮೇಲೆ ಬಿಳಿ ಶಾಲು. ಫೋನಿನ ಚಾರ್ಜ್ ಮುಗಿದಿತ್ತಂತೆ. ನೇರ ರಂಗಕ್ಕೆ ಹೋಗಿ, ನಾನು ಕತ್ತರಿಸಿದ್ದ ಪರಿಚಯದ ಮಾತನ್ನೇ ಶುರುಮಾಡಿದಳು: "ನಾನು ಈ ಮನೆಯ ಸೊಸೆ. ದೂರದಿಂದ ಬಂದಿದ್ದೇನೆ." ನಾನು ಪರದೆಯ ಹಿಂದೆ ಕೂತು ಅತ್ತುಬಿಟ್ಟೆ.

ಇಗೋ, ಈಗ ಫೋನ್ ರಿಂಗಾಯಿತು. ಹಾರಿ ಎತ್ತಿಕೊಂಡೆ.

"ನಾನು ನಳಿನಿ, ಕಾಪುವಿನವಳು," ಅಂದಳು ಅವಳು, "ದುಬೈ ಮುಟ್ಟಿದ್ದೇನೆ. ಸಾಕಾ?"

"ಸಾಲದು," ಎಂದೆ. "ಅಜ್ಜನ ಎಮ್ಮೆಯದ್ದೂ ಹೇಳು."