ಸುಸ್ತಿಗೆ ಎಷ್ಟು ಅಂತ ಕೇಳಿ

ಶ್ರೀನಿವಾಸಪುರದ ನಾನೂ ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಮೇಡಂ ಸಮಾಜ ವಿಜ್ಞಾನದ ಟೀಚರು. ಸಂಧಿವಾತ ಬಂದ ಮೇಲೆ ಕಾಫಿ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿಯುತ್ತಿದ್ದರು. ‘ನೋವಾ ಮೇಡಂ?’ ಎಂದರೆ, ‘ನೋವಲ್ಲಮ್ಮ, ಸುಸ್ತು’ ಎನ್ನುತ್ತಿದ್ದರು. ಊಟದ ಬಿಡುವಿನಲ್ಲಿ ಅವರು ಮೇಜಿಗೆ ತಲೆಯಿಟ್ಟರೆ ಹೆಡ್‌ಮಾಸ್ಟರು ಎಲ್ಲರ ಮುಂದೆ, ‘ಸುಸ್ತು ನಮಗಿಲ್ವಾ?’ ಎಂದು ಕೇಳುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಒಮ್ಮೆ ಅವರ ಜೊತೆ, ಅವರು ವರ್ಷಗಳಿಂದ ತೋರಿಸಿಕೊಳ್ಳುತ್ತಿದ್ದ ಕೋಲಾರದ ಡಾಕ್ಟರ ಬಳಿ ಹೋಗಿದ್ದೆ.

‘ನೋವಿಗೆ ಹತ್ತರಲ್ಲಿ ಎಷ್ಟು ಕೊಡ್ತೀರ?’ ಎಂದರು ಡಾಕ್ಟರು.

‘ಮೂರು.’

ರಕ್ತದ ರಿಪೋರ್ಟ್ ನೋಡಿ, ‘ಕಂಟ್ರೋಲ್‌ನಲ್ಲಿದೆ, ಹೊರಡಿ’ ಎಂದು ಮುಂದಿನವರಿಗೆ ಗಂಟೆ ಒತ್ತಿದರು. ಮೇಡಂ ಏಳಲಿಲ್ಲ.

‘ಸುಸ್ತಿಗೆ ಎಷ್ಟು ಅಂತ ಕೇಳಿ ಡಾಕ್ಟ್ರೇ.’

‘ಅದನ್ನ ಅಳೆಯೋಕಾಗಲ್ಲಮ್ಮ. ಎಲ್ರಿಗೂ ಇರುತ್ತೆ.’

‘ನೋವನ್ನ ಯಾವ ಮಿಷಿನಲ್ಲಿ ಅಳೆದ್ರಿ? ನನ್ನ ಬಾಯಿಂದ ತಾನೇ ಕೇಳಿದ್ದು? ಇದನ್ನೂ ಹಾಗೇ ಕೇಳಿ. ರಾತ್ರಿಯೆಲ್ಲ ನಿದ್ದೆ ಮಾಡಿ ಎದ್ರೂ ತಲೆ ಬಾಚೋಕೆ ಕೈ ಎತ್ತಕ್ಕಾಗಲ್ಲ. ಅರ್ಧ ಬಾಚಿ ಕೂತ್ಬಿಡ್ತೀನಿ. ಒಂಬತ್ತು ಅಂತ ಬರ್ಕೊಳ್ಳಿ.’

ದನಿ ಏರಿರಲಿಲ್ಲ. ಡಾಕ್ಟರು ಪೆನ್ನು ತೆಗೆದು ಬರೆದುಕೊಂಡರು. ಆಮೇಲೆ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ಅವರ ನಿದ್ದೆ, ಊಟ, ಮನೆಗೆಲಸದ ಬಗ್ಗೆ ವಿಚಾರಿಸಿದರು. ಮಧ್ಯಾಹ್ನ ವಿಶ್ರಾಂತಿ ಬೇಕೆಂದು ಚೀಟಿ ಕೊಟ್ಟರು.

ಹೆಡ್‌ಮಾಸ್ಟರು ಮರುದಿನ ಊಟದ ಬಿಡುವಿನಲ್ಲಿ ಅದನ್ನು ಓದಿ, ‘ಇದಕ್ಕೂ ಚೀಟಿ ಕೊಡ್ತಾರಾ?’ ಎಂದು ನಕ್ಕರು. ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಮೇಡಂ ಸ್ಟಾಫ್ ರೂಮಿನಲ್ಲಿ ಕುರ್ಚಿಗಳನ್ನು ಜೋಡಿಸಿ, ಹೆಡ್‌ಮಾಸ್ಟರ ಎದುರಿಗೇ ಕಾಲು ಚಾಚಿ ಮಲಗಿ ಕಣ್ಣು ಮುಚ್ಚಿದರು.