ಪ್ರಸ್ಥಾನಕ್ಕಿಟ್ಟ ಡಬ್ಬಿ

ಫೆಬ್ರುವರಿಯ ಎರಡನೆಯ ರವಿವಾರ, ಬೆಳಿಗ್ಗೆ ಒಂಬತ್ತು ಗಂಟೆ. ಬೆಟಗೇರಿಯಲ್ಲಿ ನಮ್ಮ ಪಕ್ಕದ ಮನೆಯ ಶಂಕ್ರವ್ವನ ಪಡಸಾಲೆ. ಹಾಜರಿದ್ದವರು ಶಂಕ್ರವ್ವ ಮತ್ತು ನಾನು, ಇಬ್ಬರೇ. ಮೂರು ವರ್ಷದ ಹಿಂದಿನ ಮಾತು. ಮುಂಡರಗಿ, ಶಿರಹಟ್ಟಿ ಕಡೆಯ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ದುಡಿದವಳು ನಾನು. ಏನು ಬರೆಯುವುದಿದ್ದರೂ ಮೊದಲು ವೇಳೆ ಬರೆಯುವ ರೂಢಿ ಇನ್ನೂ ಬಿಟ್ಟಿಲ್ಲ.

ಇಂಥ ಸಂಗತಿಗಳನ್ನು ನಾನು ನಂಬಿದವಳಲ್ಲ. ದೆವ್ವ ಕಂಡೆವೆಂದು ಬಂದವರನ್ನು ವಾರ್ಡಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಥರ್ಮಾಮೀಟರು ಇಟ್ಟ ಮೇಲೆ ಬಹಳಷ್ಟು ದೆವ್ವಗಳು ಉಳಿಯುತ್ತಿರಲಿಲ್ಲ.

ಮರುದಿನ ಸಂಜೆ ನಾನು ವಿಯೆಟ್ನಾಮಿಗೆ ಹೊರಡುವವಳಿದ್ದೆ. ಪರದೇಶಕ್ಕೆ ಒಬ್ಬಳೇ, ಮೊದಲ ಸಲ, ಅರವತ್ನಾಲ್ಕರ ವಯಸ್ಸಿನಲ್ಲಿ. ಲಕ್ಷ್ಮೇಶ್ವರದ ತಮ್ಮನಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ನನ್ನ ಹೃದಯದ ಒಂದು ಕವಾಟ ಕೃತಕದ್ದು. ರಕ್ತ ಹೆಪ್ಪುಗಟ್ಟದಂತೆ ದಿನಾ ಒಂದು ಮಾತ್ರೆ ನುಂಗಲೇಬೇಕು. ಒಂದು ದಿನ ತಪ್ಪಿದರೂ ತಿರುಗಿ ಬರುತ್ತೇನೆ, ಮತ್ತೆಂದೂ ಒಬ್ಬಳೇ ಹೊರಡುವುದಿಲ್ಲ ಎಂದು ಅವನಿಗೆ ಮಾತು ಕೊಟ್ಟಿದ್ದೆ.

ಸೋಮವಾರ ಮೂಡಣ ದಿಕ್ಕಿಗೆ ಹೊರಡಬಾರದು ಎಂಬುದು ಶಂಕ್ರವ್ವನ ತಕರಾರು. ಹೊರಡಲೇಬೇಕೆಂದರೆ ಹಿಂದಿನ ದಿನ ಒಂದು ಸಾಮಾನನ್ನು ಬೇರೆಯವರ ಮನೆಯಲ್ಲಿಟ್ಟು, ಹೋಗುವಾಗ ಅಲ್ಲಿಂದ ಒಯ್ಯಬೇಕು. ಪ್ರಯಾಣ ಹಿಂದಿನ ದಿನವೇ ಶುರುವಾದಂತೆ. ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. ನಮ್ಮ ಮನೆತನದವರು ದರ್ಗಾದಲ್ಲಿ ಸಕ್ಕರೆಗೆ ಫಾತೆಹಾ ಓದಿಸಿ ಹೊರಡುತ್ತಾರೆ; ನಾನು ಅದನ್ನೂ ಮಾಡಿರಲಿಲ್ಲ. ಅವಳ ಸಮಾಧಾನಕ್ಕೆಂದು ಒಂದು ಕರವಸ್ತ್ರ ಕೊಡಹೋದೆ.

“ಅದು ನಡ್ಯೂದಿಲ್ರಿ ಅಕ್ಕಾರ. ಯಾವುದಿಲ್ಲಂದ್ರ ನಿಮಗ ಆಗೂದಿಲ್ಲೋ ಅದನ್ನ ಇಡ್ರಿ” ಎಂದಳು.

ಮಂಗಳವಾರದಿಂದ ಏಳು ದಿನಕ್ಕೆಂದು ತುಂಬಿದ್ದ, ವಾರದ ಏಳು ಖಾನೆಗಳ ಮಾತ್ರೆ ಡಬ್ಬಿಯನ್ನು ಒಂದು ಬಟ್ಟೆಯ ಮೇಲಿಟ್ಟೆ. ಗುರುವಾರದ ಮುಚ್ಚಳ ಮುರಿದು, ಅದಕ್ಕೆ ಬಿಳಿ ಪ್ಲಾಸ್ಟರ್ ಅಂಟಿಸಿದ್ದೆ. ಶಂಕ್ರವ್ವ ಒಂದು ಹಿಡಿ ಅಕ್ಕಿ, ಒಂದು ಅರಿಷಿಣ ಕೊಂಬು ಹಾಕಿದಳು. ಬಟ್ಟೆಗೆ ಗಂಟು ಹಾಕಿದವಳು ನಾನೇ, ಬ್ಯಾಂಡೇಜಿಗೆ ಹಾಕುವ ಗಂಟು.

ಸೋಮವಾರದ ಮಾತ್ರೆಯನ್ನು ಮನೆಯಲ್ಲಿದ್ದ ಪೊಟ್ಟಣದಿಂದ ತೆಗೆದು ನುಂಗಿ, ಸಾಮಾನಿನ ಯಾದಿ ಮೂರು ಸಲ ನೋಡಿ ಹೊರಟೆ. ಯಾದಿಯಲ್ಲಿ ಡಬ್ಬಿಯ ಮುಂದೆ ರವಿವಾರವೇ ಗುರುತು ಹಾಕಿಯಾಗಿತ್ತು. ಹೀಗಾಗಿ ಶಂಕ್ರವ್ವನ ಮನೆಗೆ ಹೋಗುವುದೇ ಮರೆಯಿತು.

ಮಂಗಳವಾರ ಮಧ್ಯಾಹ್ನ ಹನೋಯ್‌ನ ಕೋಣೆಯಲ್ಲಿ ಪೆಟ್ಟಿಗೆ ತೆರೆದಾಗ ತಪ್ಪು ತಿಳಿಯಿತು. ಹೆಚ್ಚಿನ ಮಾತ್ರೆ ಒಯ್ದಿರಲಿಲ್ಲ. ನರ್ಸ್ ಆದವಳಿಗೆ ನಾಚಿಕೆಗೇಡು. ಎಲ್ಲವನ್ನೂ ಹಾಸಿಗೆಯ ಮೇಲೆ ಸುರಿದು, ಒಂದೊಂದು ಬಟ್ಟೆ ಕೊಡವಿ, ತಿರುಗಿ ಮಡಚಿ ಇಟ್ಟೆ. ಡಬ್ಬಿ ಇರಲಿಲ್ಲ. ಶಂಕ್ರವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಅವಳು ಗಂಟನ್ನು ಫೋನಿನ ಹತ್ತಿರ ಹಿಡಿದು ಅಲುಗಿಸಿದಳು.

“ಇಲ್ಲೇ ಐತ್ರಿ. ಕೇಳ್ರಿ, ಗುಳಿಗಿ ಸಪ್ಪಳ. ಊರಿಗೆಲ್ಲಾ ಗುಳಿಗಿ ನುಂಗ್ಸಿದವ್ರು ನಿಮ್ದ ಮರ್ತು ಹ್ವಾದ್ರಿ.”

ಪ್ಲಾಸ್ಟಿಕ್ಕಿನೊಳಗೆ ಮಾತ್ರೆ ಅಲುಗುವ ಸಪ್ಪಳ ನನಗೆ ಚೆನ್ನಾಗಿ ಗೊತ್ತು. ಅದನ್ನೇ ಕೇಳಿದೆ.

ಕೋಣೆಗೆ ಬೀಗ ಹಾಕಿ, ಕೀಲಿಕೈ ಪರ್ಸಿನಲ್ಲಿಟ್ಟುಕೊಂಡು, ವೈದ್ಯರ ಚೀಟಿ ಹಿಡಿದು ಎರಡು ಔಷಧದಂಗಡಿಗೆ ಹೋದೆ. ಒಂದರಲ್ಲಿ ಆ ಮಾತ್ರೆ ಇರಲಿಲ್ಲ. ಇನ್ನೊಂದರವನು ಎರಡು ಬೆರಳು ತೋರಿಸಿದ, ಎರಡು ದಿನ ಎಂದು. ನಾಲ್ಕು ಗಂಟೆಗೆ ಮರಳಿದೆ. ತಮ್ಮನಿಗೆ ತಿಳಿಸುವುದೆಂದು ನಿಶ್ಚಯಿಸಿದೆ. ಫೋನು ಚಾರ್ಜಿಗಿಡಲು ವೈರು ಬೇಕಾಗಿ ಪೆಟ್ಟಿಗೆ ತೆರೆದೆ.

ಮೇಲಿನ ನೀಲಿ ಸೀರೆಯ ಮೇಲೆ ಡಬ್ಬಿ ಇತ್ತು. ಗುರುವಾರದ ಮೇಲೆ ಪ್ಲಾಸ್ಟರ್. ಏಳೂ ಖಾನೆಗಳಲ್ಲಿ ಮಾತ್ರೆ.

ಮಂಗಳವಾರದ್ದನ್ನು ನುಂಗಿದೆ. ವೇಳೆ ನಾಲ್ಕು ಹತ್ತು. ತಮ್ಮನಿಗೆ ಫೋನು ಮಾಡಲಿಲ್ಲ. ಶಂಕ್ರವ್ವನಿಗೆ ‘ಮಾತ್ರೆ ಸಿಕ್ಕಿತು’ ಎಂದಷ್ಟೇ ಕಳಿಸಿದೆ. ಕೊಂಡೆನೆಂದು ಅವಳು ತಿಳಿದಳು. ಉಳಿದ ದಿನ ನೋಡಬೇಕೆಂದಿದ್ದನ್ನೆಲ್ಲ ನೋಡಿದೆ.

ಮುಂದಿನ ಸೋಮವಾರ ಸಂಜೆ ಬೆಟಗೇರಿ ಮುಟ್ಟಿದಾಗ ಡಬ್ಬಿ ಖಾಲಿಯಾಗಿತ್ತು. ಶಂಕ್ರವ್ವ ಗಂಟು ತಂದು ಮುಂದಿಟ್ಟಳು. ಗಂಟು ನನ್ನದೇ, ಹಾಕಿದ ಹಾಗೆಯೇ ಇತ್ತು. ಬಿಚ್ಚಿದೆ. ಅಕ್ಕಿ, ಅರಿಷಿಣ ಕೊಂಬು. ಬೇರೇನೂ ಇಲ್ಲ. ಚೀಲದಿಂದ ಡಬ್ಬಿ ತೆಗೆದು ಅವಳ ಮುಂದಿಟ್ಟು, ನಡೆದದ್ದನ್ನು ಹೇಳಿದೆ. ಅವಳು ಡಬ್ಬಿ ಎತ್ತಿ ಕಿವಿಯ ಹತ್ತಿರ ಅಲುಗಿಸಿದಳು.

“ಹಂಗಾರ ಅವತ್ತು ನಾ ಅಲುಗಿಸಿದ್ದು ಏನ್ರಿ?”

ನನ್ನ ಹತ್ತಿರ ಇರುವುದು ಒಂದೇ ಡಬ್ಬಿ. ಮರೆವು, ಗಾಬರಿ, ಪ್ರಯಾಣದ ದಣಿವು, ಎಲ್ಲವನ್ನೂ ಅಂದಿನಿಂದ ಒಂದೊಂದಾಗಿ ಪರೀಕ್ಷಿಸಿದ್ದೇನೆ. ಆ ಸಪ್ಪಳಕ್ಕೆ ಯಾವುದೂ ಹೊಂದುವುದಿಲ್ಲ. ಅಲ್ಲದೆ ಆ ಸಂಜೆ ಬಿಚ್ಚಿದ ಬಟ್ಟೆಯಲ್ಲಿ ನಾಲ್ಕು ಮೂಲೆಗಳ ಮಡಿಕೆ ಎದ್ದು ಕಾಣುತ್ತಿತ್ತು. ಡಬ್ಬಿಯನ್ನು ಅದರ ಮೇಲಿಟ್ಟು ನೋಡಿದೆ. ಸರಿಯಾಗಿ ಕೂತಿತು.

ಅಕ್ಕಿ, ಅರಿಷಿಣ ಶಂಕ್ರವ್ವ ಒಯ್ದಳು. ಡಬ್ಬಿ ತೊಳೆದು ಒರೆಸಿ, ಮಂಗಳವಾರದಿಂದ ಸೋಮವಾರದವರೆಗೆ ಮಾತ್ರೆ ತುಂಬಿದೆ. ಗುರುವಾರದ ಪ್ಲಾಸ್ಟರ್ ಸಡಿಲಾಗಿತ್ತು. ಹೊಸದು ಅಂಟಿಸಿದೆ. ವೇಳೆ ಏಳೂವರೆ.