ನಲವತ್ತನಾಲ್ಕರ ಕೇಕು

ಇಟ್ಟಿಗೆಗಾಗಿ ಮಣ್ಣು ತೆಗೆದು ತೆಗೆದು ಬರೀ ಹಳ್ಳ ದಿಣ್ಣೆಗಳಾಗಿ ಉಳಿದಿದ್ದ ಊರಾಚೆಯ ಬಯಲೇ ಊರಿನ ಬೈಕ್ ಸವಾರರ ಮೋಟೊಕ್ರಾಸ್ ಟ್ರ್ಯಾಕು. ಮೂವತ್ತೈದು ದಾಟಿದವರ ಸ್ಪರ್ಧೆ ಎಂಟು ಸುತ್ತಿನದು. ಮೊದಲ ಐದು ಸುತ್ತು, ಲೇತಿನಲ್ಲಿ ಲೋಹ ಕಡೆಯುವ ಟರ್ನರನನ್ನು ಹಿಡಿಯುವವರೇ ಇರಲಿಲ್ಲ. ಆರನೆಯದಕ್ಕೆ ಅವನ ಬಾಯಿ ತೆರೆದುಕೊಳ್ಳುತ್ತಿತ್ತು, ಮುಂಗೈಗಳು ಕಲ್ಲಾಗುತ್ತಿದ್ದವು, ಬೆರಳುಗಳಿಗೆ ಕ್ಲಚ್ಚು ಮರೆತುಹೋಗುತ್ತಿತ್ತು. ದಿಣ್ಣೆಯಿಂದ ಹಾರಬೇಕಾದ ಬೈಕು ದಿಣ್ಣೆಯನ್ನು ಹತ್ತಿ ಇಳಿಯುತ್ತಿತ್ತು. ಎಂಟನೆಯ ಸುತ್ತು ಮುಗಿಯುವಾಗ ಅವನ ಹಿಂದೆ ಉಳಿದವರೆಂದರೆ ಬಿದ್ದವರು ಮಾತ್ರ. ನಾಲ್ಕು ವರ್ಷ ಹೀಗೇ ನಡೆದ ಮೇಲೆ ಅವನಿಗೆ ‘ಐದ್ಸುತ್ತು’ ಎಂಬ ಅಡ್ಡಹೆಸರು ಅಂಟಿಕೊಂಡಿತು. ಅದನ್ನಿಟ್ಟವನು ಬೇಕರಿಯವನು.

ಬೇಕರಿಯವನಿಗೆ ಜಾಕೆಟ್ಟಿನ ಚೈನು ಹಾಕಲಾಗದಷ್ಟು ಹೊಟ್ಟೆ. ಎರಡು ಸ್ಪರ್ಧೆಗಳ ನಡುವೆ ಬೈಕಿನ ಮೇಲೇ ಕೂತು ರಸ್ಕು ತಿನ್ನುತ್ತಿದ್ದ. ಆದರೂ ಎಂಟೂ ಸುತ್ತು ಒಂದೇ ಸಮ ಓಡಿಸಿ, ಕೊನೆಗೆ ಹೆಲ್ಮೆಟ್ ತೆಗೆದು, ಉಸಿರು ಕಟ್ಟದೆ ಬೈಗುಳ ಆಡಬಲ್ಲವನಾಗಿದ್ದ.

“ಏನಪ್ಪಾ ಐದ್ಸುತ್ತು, ದಮ್ಮಿಲ್ಲದವನಿಗೆ ಬೈಕ್ ಯಾಕೆ? ನನ್ನ ಅಂಗಡಿಗೆ ಬಾ, ಬಲೂನ್ ಊದೋ ಕೆಲಸ ಕೊಡ್ತೀನಿ. ಅದೂ ಐದೇ.”

ಉಸಿರಿಗೂ ಧೈರ್ಯಕ್ಕೂ ನಮ್ಮ ಮಾತಿನಲ್ಲಿ ದಮ್ಮು ಎಂಬ ಒಂದೇ ಪದ ಸಾಕು. ಯಾವುದು ಇಲ್ಲವೆಂದು ಅನ್ನುವವನು ಬಿಡಿಸಿ ಹೇಳಬೇಕಿಲ್ಲ. ಅನ್ನಿಸಿಕೊಂಡವನು ಎರಡನ್ನೂ ಹೊತ್ತು ಮನೆಗೆ ಹೋಗುತ್ತಾನೆ. ಟರ್ನರನಿಗೆ ಆಗ ಮೂವತ್ತೊಂಬತ್ತು ವರ್ಷ. ಹತ್ತೊಂಬತ್ತು ವರ್ಷಗಳಿಂದ ಒಂದೇ ಲೇತ್ ಯಂತ್ರದ ಮುಂದೆ ನಿಂತಿದ್ದ. ಕೂದಲೆಳೆಯ ಹತ್ತರಲ್ಲೊಂದು ಪಾಲಿನ ತಪ್ಪನ್ನೂ ಒಪ್ಪದ ಕೆಲಸ ಅದು. ಇದು ದಪ್ಪವಾಯಿತೆಂದು ಕೈಗೆ ಅನ್ನಿಸಬಹುದು. ಮೈಕ್ರೋಮೀಟರ್ ಸರಿಯಿದೆ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಅಳತೆಯ ಎದುರು ವಾದಿಸುವುದು ಅವನಿಗೆ ಗೊತ್ತೇ ಇರಲಿಲ್ಲ. ಇದೊಂದೇ ಗುಣ ಅವನನ್ನು ಒಳ್ಳೆಯ ಕೆಲಸಗಾರನನ್ನಾಗಿಯೂ ಮುಂದಿನ ವರ್ಷದ ಮೂರ್ಖನನ್ನಾಗಿಯೂ ಮಾಡಿತು.

ಬೇಕರಿಯವನ ಮಾತು ಬೇಲಿಯಾಚೆ ನಿಂತಿದ್ದ ಟರ್ನರನ ಅಕ್ಕನಿಗೂ ಕೇಳಿಸಿತ್ತು. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರು. ಕೊರಳಿಂದ ಎಂದೂ ಇಳಿಯದ ವಿಷಲ್ಲಿನಿಂದಾಗಿ ಮಕ್ಕಳು ಅವಳನ್ನು ಬೆನ್ನ ಹಿಂದೆ ‘ಸೀಟಿ’ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ತಮ್ಮನ ಕಟ್ಟಡದಲ್ಲೇ ನೆಲಮಾಳಿಗೆಯ ಮೇಲಿನ ಮನೆ ಅವಳದು, ಅವನದು ಅರವತ್ತನಾಲ್ಕು ಮೆಟ್ಟಿಲುಗಳಾಚೆ ಮೂರನೆಯ ಮಹಡಿ. ಅಂದು ಸಂಜೆ ಅವಳು ಅಷ್ಟನ್ನೂ ಹತ್ತಿ ಬಂದು, ಕೂರದೆಯೇ ಹೇಳಿದಳು:

“ಒಂದು ವರ್ಷ ನಾನು ಹೇಳಿದ ಹಾಗೆ ಕೇಳು. ಮುಂದಿನ ವರ್ಷದ ಕೊನೆ ರೇಸಲ್ಲಿ ಆ ರಸ್ಕಿನ ಮೂಟೆಗಿಂತ ಮುಂಚೆ ಎಂಟನೇ ಸುತ್ತು ಮುಗಿಸ್ಬೇಕು. ಇಲ್ಲಾಂದ್ರೆ ಬೈಕ್ ಮುಟ್ಟಕೂಡದು. ಒಪ್ಪಿಗೇನಾ?”

“ಒಪ್ಪಿಗೆ ಅಕ್ಕಾ.”

“ಅವರನ್ನೊಂದು ಮಾತು ಕೇಳಿ ಅತ್ತಿಗೆ, ಆಗುತ್ತಾ ಅಂತ,” ಎಂದಳು ಅವನ ಹೆಂಡತಿ. ಲಾಂಡ್ರಿಯೊಂದರಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವವಳು ಅವಳು. ದಣಿವಿನ ವಿಷಯದಲ್ಲಿ ಆ ಮನೆಯಲ್ಲಿ ಇದ್ದ ಒಬ್ಬಳೇ ತಜ್ಞೆ.

“ಕೇಳಿದೆನಲ್ಲ. ಒಪ್ಪಿಗೆ ಅಂದ,” ಎಂದಳು ಅಕ್ಕ.

ಬೆಳಗ್ಗೆ ಐದೂವರೆಗೆ ಅವಳು ಬರುತ್ತಿದ್ದಳು. ಅವನನ್ನು ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಿಸಿ, ಮಣಿಕಟ್ಟು ಹಿಡಿದು, ಸ್ಟಾಪ್‌ವಾಚ್ ನೋಡುತ್ತ ಪೂರ್ತಿ ಒಂದು ನಿಮಿಷ ನಾಡಿ ಎಣಿಸುತ್ತಿದ್ದಳು. ಆ ಸಂಖ್ಯೆ ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ್ದ ಕ್ಯಾಲೆಂಡರಿನಲ್ಲಿ ಅಂದಿನ ಚೌಕಕ್ಕೆ ಕೆಂಪು ಪೆನ್ನಿನಿಂದ ಇಳಿಯುತ್ತಿತ್ತು. ಅವಳು ಓದಿದ್ದ ಪುಸ್ತಕದ ಪ್ರಕಾರ ಗುಂಡಿಗೆ ಬಲಿತಂತೆಲ್ಲ ವಿಶ್ರಾಂತಿಯ ನಾಡಿ ಇಳಿಯುತ್ತದೆ. ಪುಸ್ತಕ ಹೇಳಿದ್ದು ನಿಜವೇ. ಪುಸ್ತಕದಲ್ಲಿ ಇನ್ನೂ ಪುಟಗಳಿದ್ದವು.

ಆಮೇಲೆ ಮೆಟ್ಟಿಲು. ಒಂದು ನಿಮಿಷ ಜೋರಾಗಿ ಹತ್ತುವುದು, ಒಂದು ನಿಮಿಷ ನಡೆಯುವುದು, ಹೀಗೆ ಹತ್ತು ಸಲ. ಹಗ್ಗದಾಟ. ಒದ್ದೆ ಮರಳಿನ ಚೀಲ ಹೆಗಲಿಗೇರಿಸಿ, ಬೈಕಿನ ಮೇಲೆ ನಿಂತವನಂತೆ ಮಂಡಿ ಬಾಗಿಸಿ, ಗೋಡೆಯೆದುರು ಇಪ್ಪತ್ತು ನಿಮಿಷ. ಸಂಜೆ ಶಾಲೆಯ ಮೈದಾನದಲ್ಲಿ ಓಟ. ಕಬಡ್ಡಿಗೆ ಬಂದ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಅವನು ನಿಂತರೆ ವಿಷಲ್ಲು. ಕೂತರೆ ಎರಡು ವಿಷಲ್ಲು. ಒಮ್ಮೆ ವಾಂತಿ ಮಾಡಿಕೊಂಡಾಗ ಅವಳು ವಿಷಲ್ಲು ಊದಲಿಲ್ಲ. ಅವನು ಬಾಯಿ ಒರೆಸಿಕೊಳ್ಳುವ ತನಕ ಕಾದು, ಆಮೇಲೆ ಊದಿದಳು.

ಜನವರಿಯಲ್ಲಿ ಎಪ್ಪತ್ತನಾಲ್ಕಿದ್ದ ನಾಡಿ ಮಾರ್ಚಿಗೆ ಅರವತ್ತಾರಕ್ಕೂ ಮೇ ತಿಂಗಳಿಗೆ ಐವತ್ತೆಂಟಕ್ಕೂ ಬಂತು. ಇದೆಲ್ಲ ನ್ಯಾಯವಾದ ಸಂಪಾದನೆ. ಮೇ ತಿಂಗಳ ಸ್ಪರ್ಧೆಯಲ್ಲಿ ಅವನು ಏಳು ಸುತ್ತು ಮುಂದಿದ್ದು, ಎಂಟನೆಯದರಲ್ಲಿ ಬೇಕರಿಯವನ ಹಿಂದೆಯೇ ಎರಡನೆಯವನಾಗಿ ಮುಗಿಸಿದ. ಬೇಕರಿಯವನು ಅಂದು ಯಾವ ಹಾಸ್ಯವನ್ನೂ ಮಾಡಲಿಲ್ಲ. ಅಕ್ಕ ತಮ್ಮನ ಬೆನ್ನು ತಟ್ಟಿದಳು. ನಲವತ್ತು ವರ್ಷಗಳಲ್ಲಿ ಅದು ಮೊದಲ ಸಲ.

ಜೂನ್ ಹನ್ನೊಂದರ ಬೆಳಗ್ಗೆ ನಾಡಿ ನಲವತ್ತನಾಲ್ಕಿತ್ತು. ಹಿಂದಿನ ದಿನ ಐವತ್ತಾರು. ಅವಳು ಮತ್ತೊಮ್ಮೆ ಎಣಿಸಿದಳು, ಇನ್ನೊಂದು ಕೈಯಲ್ಲೂ ಎಣಿಸಿದಳು.

“ನಲವತ್ತನಾಲ್ಕು ಕಣೋ! ಇದು ದೊಡ್ಡ ದೊಡ್ಡ ಓಟಗಾರರ ನಾಡಿ. ನಿನ್ನ ಮೈಯಲ್ಲಿ ಕುದುರೆ ಗುಂಡಿಗೆ ಬಂದು ಕೂತಿದೆ.”

ಒಂದೇ ದಿನದಲ್ಲಿ ಹನ್ನೆರಡು ಹೇಗೆ ಇಳಿಯಿತೆಂದು ಯಾರೂ ಕೇಳಲಿಲ್ಲ. ಲೇತಿನ ಮೇಲೆ ಒಂದು ಅಳತೆ ಹಾಗೆ ಜಿಗಿದಿದ್ದರೆ ಟರ್ನರ್ ಯಂತ್ರ ನಿಲ್ಲಿಸಿ ಏನು ಮುರಿಯಿತೆಂದು ನೋಡುತ್ತಿದ್ದ. ತನ್ನ ಮೈಯನ್ನು ಅವನು ಹಾಗೆ ನೋಡಲಿಲ್ಲ. ಹೊಗಳಿಕೆ ಅವನಿಗೆ ಅಪರೂಪದ ವಸ್ತು.

ಅಕ್ಕ ನೇರವಾಗಿ ಬೇಕರಿಗೆ ಹೋದಳು. ಬೇರೆ ಬೇಕರಿಗಳಿದ್ದವು, ಅವಳಿಗೆ ಅದೇ ಬೇಕಿತ್ತು.

“ಒಂದು ಕೇಕು. ಮೇಲೆ ನಲವತ್ತನಾಲ್ಕು ಅಂತ ಬರೀರಿ.”

“ಯಾರ ವಯಸ್ಸಮ್ಮಾ?”

“ವಯಸ್ಸಲ್ಲ. ನನ್ನ ತಮ್ಮನ ನಾಡಿ.”

ಬೇಕರಿಯವನು ಕ್ರೀಮಿನ ಕೊಳವೆಯನ್ನು ಕೈಯಲ್ಲೇ ಹಿಡಿದು ಅವಳನ್ನು ನೋಡಿದ. “ನಾಡಿ ಇಳಿದಿದ್ದಕ್ಕೆ ಕೇಕಾ? ಸೊನ್ನೆ ಆದ ದಿನಕ್ಕೆ ಎಷ್ಟು ಕೆ.ಜಿ. ಬೇಕು ಅಂತ ಈಗಲೇ ಹೇಳಿಬಿಡಿ, ಮೊಟ್ಟೆ ತರಿಸಿಟ್ಟಿರ್ತೀನಿ.”

ಆದರೂ ಎರಡು ನಾಲ್ಕುಗಳನ್ನೂ ಅಂದವಾಗಿ ಬರೆದುಕೊಟ್ಟ. ಕೈಕೆಲಸದಲ್ಲಿ ಅವನು ಮೋಸ ಮಾಡುವವನಲ್ಲ.

ಆ ವಾರದಿಂದ ಟರ್ನರ್ ಮೆಟ್ಟಿಲಿನ ಮಧ್ಯೆ ಕಂಬಿ ಹಿಡಿದು ನಿಲ್ಲತೊಡಗಿದ. ಲೇತಿನ ಮೇಲೆ ಬಗ್ಗಿ ಏಳುವಾಗ ದೀಪಗಳು ಕಪ್ಪಾಗುತ್ತಿದ್ದವು. ಮೊದಲು ಹತ್ತು ಸಲ ಹತ್ತುತ್ತಿದ್ದವನು ಆರಕ್ಕೆ ಕೂರುತ್ತಿದ್ದ. ಅಕ್ಕ ಓಡಿಸಿದ ಕೂಡಲೇ ನಾಡಿ ಹಿಡಿದರೆ ಐವತ್ತು. ಅವಳಿಗೆ ಅದೂ ಆನಂದವೇ.

“ಇಷ್ಟು ಓಡಿದ್ರೂ ಐವತ್ತು! ಗುಂಡಿಗೆಗೆ ಆಯಾಸವೇ ಇಲ್ಲ. ಆಯಾಸ ಇರೋದು ನಿನ್ನ ತಲೇಲಿ.”

“ತಲೆ ತಿರುಗುತ್ತೆ ಅಕ್ಕಾ.”

“ತಿರುಗದೇ ಏನು ಮಾಡುತ್ತೆ, ಒಳಗೆ ಏನೂ ಇಲ್ವಲ್ಲ, ಹಗುರ.”

ಒಂದು ಸಂಜೆ ಹೆಂಡತಿ ಅವನ ಕಾಲುಚೀಲ ಎಳೆದು, ಕಣಕಾಲಿನ ಮೇಲೆ ಬೆರಳೊತ್ತಿ, ಉಳಿದ ಗುಂಡಿಯನ್ನು ಅತ್ತಿಗೆಗೆ ತೋರಿಸಿದಳು. “ಇದನ್ನ ನೋಡಿ. ಕಾಲು ಊದಿದೆ. ಡಾಕ್ಟರ ಹತ್ರ ಹೋಗೋಣ.”

ಅಕ್ಕ ಕಾಲನ್ನು ನೋಡಲಿಲ್ಲ, ಬಾಗಿಲಿನ ಕಡೆ ಕೈ ತೋರಿಸಿದಳು. “ಆ ಕ್ಯಾಲೆಂಡರ್ ನೋಡು. ಓದೋಕೆ ಬರುತ್ತಲ್ಲ? ಎದೆ ಬಡಿತ ಸರಿಯಾಗಿದೆ. ಇವನಿಗಿಲ್ಲದಿರೋದು ಎದೆಗಾರಿಕೆ. ಅದಕ್ಕೆ ಯಾವ ಡಾಕ್ಟರ ಹತ್ರ ಔಷಧಿ ಇದೆ?”

ಹೆಂಡತಿ ಗಂಡನ ಮುಖ ನೋಡಿದಳು. ಅವನು ಕ್ಯಾಲೆಂಡರ್ ನೋಡುತ್ತಿದ್ದ. ಅಳತೆ ಸರಿಯಿದೆ; ಹಾಗಾದರೆ ಕೆಟ್ಟಿರುವುದು ತಾನು. ಮರುದಿನ ಎರಡು ಮರಳಿನ ಚೀಲ ಹೊತ್ತ.

ಜುಲೈಯಲ್ಲಿ ನಾಡಿ ನಲವತ್ತೊಂದಾಯಿತು. ಅಭ್ಯಾಸದ ದಿನ ಬೇಕರಿಯವನು ಬೈಕು ಪಕ್ಕಕ್ಕೆ ತಂದು ನಿಲ್ಲಿಸಿ ಅವನ ಮುಖವನ್ನೇ ನೋಡಿದ.

“ಏನಪ್ಪಾ, ಮುಖ ನಾದಿಟ್ಟ ಮೈದಾ ಆಗಿದೆ? ತುಟಿ ಬೇರೆ ನೀಲಿ. ಆಸ್ಪತ್ರೆಗಾದ್ರೂ ಹೋಗು, ನನ್ನ ಒಲೆಗಾದ್ರೂ ಬಾ, ಬೇಯಿಸಿಕೊಡ್ತೀನಿ.”

ಹೆಂಡತಿಯ ಮಾತು ಬಿಟ್ಟರೆ ಆ ಇಡೀ ವರ್ಷದಲ್ಲಿ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ. ಆಡಿದವನಿಗೂ ಅದು ಸರಿಯೆಂದು ಗೊತ್ತಿರಲಿಲ್ಲ, ನಗಿಸಲು ಹೇಳಿದ್ದ. ಅಕ್ಕ ಅದನ್ನು ತಿಳಿದುಕೊಂಡ ಬಗೆಯೇ ಬೇರೆ: “ನಿನ್ನ ಕಂಡ್ರೆ ಈಗ ಅವನಿಗೆ ನಡುಕ. ಅದಕ್ಕೇ ಆಸ್ಪತ್ರೆ ಅಂತಾನೆ.”

ಆಗಸ್ಟ್ ಕೊನೆಯ ಭಾನುವಾರ ಆ ವರ್ಷದ ಕೊನೆಯ ಸ್ಪರ್ಧೆ. ಹೊರಡುವ ಗೆರೆಯಲ್ಲಿ ಬೈಕುಗಳೆಲ್ಲ ಗುಡುಗುತ್ತಿರುವಾಗ ಅಕ್ಕ ತಮ್ಮನ ಕೈಗವಸು ಬಿಚ್ಚಿಸಿ ನಾಡಿ ಹಿಡಿದಳು. ಬೈಕುಗಳನ್ನು ತಡೆದಿರುವ ಗೇಟು ಬೀಳುವ ಮುಂಚೆ ಎಂಥ ಗಟ್ಟಿಗನ ನಾಡಿಯೂ ನೂರು ದಾಟಿರುತ್ತದೆ. ಅವನದು ಮೂವತ್ತೆಂಟು. ಅವಳು ಪಕ್ಕದ ಬೈಕಿಗೆ ಕೇಳಿಸುವಂತೆ ಕೂಗಿದಳು:

“ಮೂವತ್ತೆಂಟು! ಕೇಳಿಸ್ತಾ? ಇದಕ್ಕೆ ದಮ್ಮು ಅಂತಾರೆ!”

“ನನ್ನದು ಡಬಡಬ ಹೊಡ್ಕೊತಾ ಇದೆಯಮ್ಮಾ,” ಎಂದ ಬೇಕರಿಯವನು. “ನಾನು ಬದುಕಿದ್ದೀನಿ, ಅದಕ್ಕೆ.”

ಗೇಟು ಬಿತ್ತು. ಮೊದಲ ತಿರುವಿನಲ್ಲಿ ಟರ್ನರ್ ಮೂರನೆಯವನಾಗಿದ್ದ, ಎರಡನೆಯ ಸುತ್ತಿನಲ್ಲಿ ಒಂಬತ್ತನೆಯವನು, ಮೂರನೆಯದರಲ್ಲಿ ಕೊನೆಯವನು. ನಾಲ್ಕನೆಯದರಲ್ಲಿ ದೊಡ್ಡ ದಿಣ್ಣೆಯ ತುದಿಯಿಂದ ಬೈಕು ಹಾರಿತು. ಅವನು ಅಷ್ಟರಲ್ಲೇ ಹಿಡಿ ಬಿಟ್ಟಿದ್ದ. ಬೈಕು ಆಚೆ ಬಿತ್ತು, ಅವನು ಈಚೆಯ ಇಳಿಜಾರಿನಲ್ಲಿ ಮೂಟೆಯಂತೆ ಉರುಳಿದ. ಅಪಾಯದ ಹಳದಿ ಬಾವುಟ ಬೀಸುವವನು ಓಡಿ ಬಂದ. ಅವನಿಗಿಂತ ಮುಂಚೆ ಅಕ್ಕ ಓಡಿ ಬಂದಿದ್ದಳು.

“ಏಳೋ. ಇನ್ನೂ ನಾಲ್ಕನೇ ಸುತ್ತು. ಏಳು!”

ವಿಷಲ್ಲು ಊದಿದಳು. ಅವನು ಏಳಲಿಲ್ಲ. ಮತ್ತೂ ಒಮ್ಮೆ ಊದಿ, ಆಮೇಲೆ ರೂಢಿಯಿಂದ ಅವನ ಮಣಿಕಟ್ಟು ಹಿಡಿದಳು. ಎರಡು ಬಡಿತಗಳ ನಡುವೆ ಎಷ್ಟು ಹೊತ್ತು ಕಾಯಬೇಕಾಯಿತೆಂದರೆ, ವಿಷಲ್ಲು ತಾನಾಗಿ ಅವಳ ಬಾಯಿಂದ ಕಳಚಿ ಬಿತ್ತು. ಅವರ ಪಕ್ಕದಲ್ಲೇ ಬೇಕರಿಯವನು ಬಾವುಟ ಕಂಡು ನಿಧಾನಿಸಿ, ಒಂದು ಸಲ ತಿರುಗಿ ನೋಡಿ, ಮುಂದಕ್ಕೆ ಹೋಗಿ, ಗೆದ್ದ.

ಆಸ್ಪತ್ರೆಯಲ್ಲಿ ಹರೆಯದ ಡಾಕ್ಟರಮ್ಮ ಇ.ಸಿ.ಜಿ.ಯ ಉದ್ದನೆಯ ಕಾಗದದ ಪಟ್ಟಿಯನ್ನು ಬೆಳಕಿಗೆ ಹಿಡಿದಳು. “ಹೃದಯದ ಮೇಲಿನ ಕೋಣೆ ಹೊಡೆದ ಸುದ್ದಿ ಕೆಳಗಿನ ಕೋಣೆಗೆ ಮುಟ್ತಾನೇ ಇಲ್ಲ. ನಡುವಿನ ದಾರಿ ಕಟ್ಟಾಗಿದೆ. ಕೆಳಗಿನದು ತನ್ನ ಪಾಡಿಗೆ ತಾನು ನಿಧಾನವಾಗಿ ಹೊಡ್ಕೊತಾ ಇದೆ. ಯಾವಾಗಿಂದ ಹೀಗೆ ಅಂತ ಏನಾದ್ರೂ ಅಂದಾಜಿದೆಯಾ?”

“ಅಂದಾಜಲ್ಲ, ದಿನಾ ಬರೆದಿದ್ದೀವಿ,” ಎಂದಳು ಹೆಂಡತಿ. ಮನೆಗೆ ಹೋಗಿ ಕ್ಯಾಲೆಂಡರನ್ನೇ ಬಾಗಿಲಿಂದ ಕಿತ್ತು ತಂದಳು.

ಡಾಕ್ಟರಮ್ಮ ತಿಂಗಳುಗಳ ಮೇಲೆ ಬೆರಳಾಡಿಸುತ್ತ ಜೂನ್ ಹನ್ನೊಂದಕ್ಕೆ ಬಂದು ನಿಂತಳು. ಆ ಚೌಕಕ್ಕೆ ಕೆಂಪು ವೃತ್ತವಿತ್ತು. “ಇದೇ ದಿನ. ಪಕ್ಕದಲ್ಲಿ ಇದೇನು, ಕೇಕ್ ಅಂತ ಬರೆದಿದೆ?”

ಅಕ್ಕ ಕಿಟಕಿಯ ಕಡೆ ತಿರುಗಿದ್ದಳು. ಹೆಂಡತಿ ಸ್ಪಷ್ಟವಾಗಿ ಹೇಳಿದಳು: “ಅವತ್ತು ಕೇಕ್ ಕತ್ತರಿಸಿದ್ವಿ.”

“ಅವತ್ತು ಇಲ್ಲಿಗೆ ಬರ್ಬೇಕಿತ್ತು.”

“ಬಂದಿದ್ರೆ?” ಎಂದು ಕೇಳಿದವಳು ಅಕ್ಕ.

“ಈಗ ಕೂರಿಸೋ ಪೇಸ್‌ಮೇಕರ್ ಯಂತ್ರಾನೇ ಆಗಲೂ ಕೂರಿಸ್ತಿದ್ವಿ. ಇವರು ಸುಮ್ಮನೆ ಎರಡು ತಿಂಗಳು ಸಾಯೋದು ತಪ್ಪುತ್ತಿತ್ತು.”

ಯಂತ್ರವನ್ನು ಎಡಗಡೆ ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ ಕೂರಿಸಿದರು. ಅರವತ್ತಕ್ಕಿಂತ ಕೆಳಗೆ ಇಳಿಯಲು ಅದು ಗುಂಡಿಗೆಯನ್ನು ಬಿಡುವುದಿಲ್ಲ. ಓಡಿದರೆ ಬೇಕಾದಷ್ಟು ಏರಿಸುತ್ತದೆ. ಬೇಕರಿಯವನು ಒಂದು ಪೊಟ್ಟಣ ರಸ್ಕು ಹಿಡಿದು ನೋಡಲು ಬಂದ. “ಹೆಸರು ಬದಲಾಯಿಸ್ಬೇಕಾಯ್ತಲ್ಲಪ್ಪಾ. ಐದು ಅನ್ನೋಕೂ ಆಗಲ್ಲ ಈಗ. ಮೂರೂವರೆ ಅನ್ನಲಾ?” ಎಂದು ನಕ್ಕು, ಯಾರೂ ನಗದಿದ್ದಾಗ ರಸ್ಕಿನ ಪೊಟ್ಟಣವನ್ನು ತಾನೇ ಬಿಚ್ಚಿದ.

ತಿಂಗಳು ಕಳೆದ ಮೇಲೆ ಟರ್ನರ್ ಅರವತ್ತನಾಲ್ಕು ಮೆಟ್ಟಿಲನ್ನೂ ಒಂದೇ ಉಸಿರಿಗೆ ಹತ್ತಿದ. ಮೇಲೆ ಹೋಗಿ, ರೂಢಿಯಂತೆ ಕಂಬಿ ಹಿಡಿದು, ಏದುಸಿರಿಗಾಗಿ ಕಾದ. ಅದು ಬರಲಿಲ್ಲ. ಇಳಿದು ಮತ್ತೆ ಹತ್ತಿದ, ಹತ್ತು ಸಲ. ಎಂಟು ತಿಂಗಳು ದುಡಿದು ಗಳಿಸಿದ್ದ ಮಾಂಸಖಂಡಗಳು ಹಾಗೇ ಇದ್ದವು, ಈಗ ಅವಕ್ಕೆ ರಕ್ತವೂ ಮುಟ್ಟುತ್ತಿತ್ತು. ಎಂಟಲ್ಲ, ಹನ್ನೆರಡು ಸುತ್ತಿಗೆ ಸಾಕಾಗುವಷ್ಟು ದಮ್ಮು ಅವನಲ್ಲಿತ್ತು. ಬೈಕು ಹತ್ತುವುದನ್ನು ಡಾಕ್ಟರಮ್ಮ ಜೀವಮಾನಕ್ಕೆ ನಿಷೇಧಿಸಿದ್ದಳು: ಒಂದು ಪೆಟ್ಟು ಬಿದ್ದು ಯಂತ್ರದಿಂದ ಗುಂಡಿಗೆಗೆ ಹೋಗುವ ತಂತಿ ಕಿತ್ತುಬಂದರೆ ಅಲ್ಲಿಗೆ ಮುಗಿಯಿತು.

ಅಕ್ಕ ಬೆಳಗಿನ ಹೊತ್ತು ಬರುವುದನ್ನು ಬಿಟ್ಟಿದ್ದಳು. ಮರುದಿನ ಐದೂವರೆಗೆ ಅವನೇ ಕೆಳಗಿಳಿದು ಅವಳ ಬಾಗಿಲು ತಟ್ಟಿದ. ಕಂಕುಳಲ್ಲಿ ಕ್ಯಾಲೆಂಡರ್, ಜೇಬಿನಲ್ಲಿ ಕೆಂಪು ಪೆನ್ನು. ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂತು, ಆಮೇಲೆ ಕೈ ಚಾಚಿದ.

“ಹಿಡಿ.”

“ಯಾಕೋ ಈಗ?”

“ಹಿಡಿ ಅಕ್ಕಾ. ಪೂರ್ತಿ ಒಂದು ನಿಮಿಷ.”

ಅವಳು ಎಣಿಸಿದಳು.

“ಎಷ್ಟು?”

“ಅರವತ್ತು.”

“ಬರಿ.”

ಅವಳು ಬರೆದಳು. ಮರುದಿನವೂ ಬಂದ. ಅದರ ಮರುದಿನವೂ. ಶಾಲೆಗೆ ರಜೆಯಿದ್ದಾಗಲೂ, ಅವಳಿಗೆ ಜ್ವರ ಬಂದಾಗಲೂ. ವರ್ಷ ಮುಗಿದಾಗ ಹೊಸ ಕ್ಯಾಲೆಂಡರನ್ನು ತಾನೇ ತಂದು ಅವಳ ಅಡುಗೆಮನೆಯ ಬಾಗಿಲಿಗೆ ತೂಗುಹಾಕಿದ. ಮಾರ್ಚಿನ ಒಂದು ಬೆಳಗ್ಗೆ ಅವಳು ಸ್ಟಾಪ್‌ವಾಚನ್ನು ಎತ್ತಿಕೊಳ್ಳದೆ, ಅವನ ಕೈಯನ್ನೂ ಮುಟ್ಟದೆ, “ಅರವತ್ತು” ಎಂದು ಪೆನ್ನಿಗೆ ಕೈಹಾಕಿದಳು.

“ಎಣಿಸಿ ಹೇಳು,” ಎಂದ ತಮ್ಮ.

ಅವಳು ಮಣಿಕಟ್ಟು ಹಿಡಿದು ಒಂದರಿಂದ ಶುರುಮಾಡಿದಳು.